‘ನಂಗೆ ಲೆಕ್ಕ ಬರಲ್ಲ’ ಅಂತ ಮನಸ್ಸು ಅಂದಾಗ

ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮಕ್ಕಳಿಗೆ ಮನೆಯ ಮಾತು ತೆಲುಗು, ಶಾಲೆಯ ಪಾಠ ಕನ್ನಡ. ಲೆಕ್ಕ ಅರ್ಧಕ್ಕೆ ನಿಂತಾಗ ಒಳಗೆ ಏಳುವ ಮಾತು ಮಾತ್ರ ಎರಡರಲ್ಲೂ ಒಂದೇ. ‘ನಂಗೆ ಲೆಕ್ಕ ಬರಲ್ಲ.’ ‘ನಾಕು ಲೆಕ್ಕಲು ರಾವು.’ ದೊಡ್ಡವರು ಇದನ್ನು ಸೋಮಾರಿತನದ ನೆಪ ಅಂದುಕೊಳ್ಳುತ್ತಾರೆ. ನೆಪ ಅಲ್ಲ. ಆ ಮಾತೇ ಮಗುವಿನ ದಾರಿಗೆ ಅಡ್ಡ ನಿಲ್ಲುತ್ತದೆ.

47ನ್ನು 6ರಿಂದ ಗುಣಿಸಬೇಕು ಅಂತಿಟ್ಟುಕೊಳ್ಳಿ. ಆರೇಳ್ಲಿ ನಲವತ್ತೆರಡು. ಎರಡು ಬರೆದು, ದಶಕ ನಾಲ್ಕು. ಆ ನಾಲ್ಕನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಆರ್ನಾಲ್ಕ್ಲಿ ಇಪ್ಪತ್ತನಾಲ್ಕಕ್ಕೆ ಕೂಡಿಸಬೇಕು. ಹೀಗೆ ಕೆಲಸ ಮುಗಿಯುವ ತನಕ ಬೇಕಾದ್ದನ್ನು ಹಿಡಿದಿಡುವ ಶಕ್ತಿಗೆ ಕಾರ್ಯಸ್ಮೃತಿ ಅನ್ನುತ್ತಾರೆ. ಅದರಲ್ಲಿ ಜಾಗ ತೀರಾ ಕಡಿಮೆ. ‘ನಂಗೆ ಬರಲ್ಲ’ ಅನ್ನುವ ಮಾತು ಅದೇ ಜಾಗದಲ್ಲಿ ಕೂತರೆ ದಶಕ ಎಲ್ಲಿ ಉಳಿದೀತು? ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆ್ಯಶ್‌ಕ್ರಾಫ್ಟ್ ಮತ್ತು ಕರ್ಕ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಕಂಡಿತು. ಗಣಿತದ ಭಯ ಜಾಸ್ತಿ ಇದ್ದ ವಿದ್ಯಾರ್ಥಿಗಳು ಹೆಚ್ಚು ಎಡವಿದ್ದು ದಶಕ ಇರುವ ಕೂಡುವ ಲೆಕ್ಕಗಳಲ್ಲೇ. ಅದರಲ್ಲೂ, ಜೊತೆಗೆ ಬೇರೇನನ್ನೋ ನೆನಪಿಟ್ಟುಕೊಳ್ಳಬೇಕಾದಾಗ.

ಹಾಗಾದರೆ ‘ನಾನು ತುಂಬಾ ಜಾಣ’ ಅಂತ ಹೇಳಿಕೊಳ್ಳಲಿ ಅಂತೀರಾ? ಸುಮ್ನೆ ಹಾಗೆ ಹೇಳಿಸಿದರೆ ಪ್ರಯೋಜನ ಕಾಣೆ. ಕೆನಡಾದ ಜೋಆನ್ ವುಡ್ ತಂಡ 2009ರಲ್ಲಿ ತೋರಿಸಿದ ಹಾಗೆ, ತನ್ನ ಮೇಲೆ ನಂಬಿಕೆ ಕಡಿಮೆ ಇರುವವರು ತಮ್ಮನ್ನು ತಾವೇ ಹೊಗಳಿಕೊಂಡರೆ ಮನಸ್ಸು ಇನ್ನೂ ಕುಗ್ಗುತ್ತದೆ. ಹೇಳುವುದು ಬಾಯಿ, ಒಪ್ಪದೆ ಇರುವುದು ಮನಸ್ಸು.

ನೆದರ್ಲೆಂಡ್ಸ್‌ನ ಸ್ಯಾಂಡರ್ ಥೋಮಾಸ್ ಮತ್ತು ಜೊತೆಯವರು 4ರಿಂದ 6ನೇ ತರಗತಿಯ 212 ಮಕ್ಕಳಿಗೆ ಗಣಿತದ ಪರೀಕ್ಷೆ ಕೊಟ್ಟರು. ಅರ್ಧ ಮುಗಿದ ಮೇಲೆ ಕೆಲವರು ‘ನಾನು ಇದರಲ್ಲಿ ತುಂಬಾ ಚುರುಕು’ ಅಂತ, ಕೆಲವರು ‘ನನ್ನ ಕೈಲಾದಷ್ಟೂ ಮಾಡ್ತೀನಿ’ ಅಂತ ಮನಸ್ಸಿನಲ್ಲಿ ಹೇಳಿಕೊಂಡರು. ಇನ್ನು ಕೆಲವರು ಏನೂ ಹೇಳಿಕೊಳ್ಳಲಿಲ್ಲ. ತಮಗೆ ಗಣಿತ ಬರಲ್ಲ ಅಂದುಕೊಂಡಿದ್ದ ಮಕ್ಕಳಿಗೆ ನೆರವಾದದ್ದು ಎರಡನೆಯ ಮಾತು. ಅದರಲ್ಲಿ ಸುಳ್ಳಿಲ್ಲ ನೋಡಿ. ಎಂಥ ಮಗುವಾದರೂ ಅದನ್ನು ನಂಬಬಹುದು.

ಆದರೆ ಇಂಥ ಮಾತು ಮಗುವಿಗೆ ಎಲ್ಲಿಂದ ಸಿಗಬೇಕು? ಆಡುವಾಗ ತಮ್ಮಷ್ಟಕ್ಕೆ ತಾವೇ ಗಟ್ಟಿಯಾಗಿ ಮಾತಾಡುವ ಪುಟ್ಟ ಮಕ್ಕಳನ್ನು ನೋಡಿದ್ದೀರಲ್ವಾ? ಆ ಮಾತೇ ಮುಂದೆ ಒಳಗಿಳಿದು ಯೋಚನೆಯಾಗುತ್ತದೆ ಎಂದವರು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ. ಸುತ್ತಲಿನವರ ಜೊತೆಗಿನ ಮಾತುಕತೆಯೇ ಅದರ ಮೂಲ ಎಂದೂ ಅವರು ಹೇಳಿದರು. ಮನಶ್ಶಾಸ್ತ್ರಜ್ಞರಾದ ಮೈಕೆನ್‌ಬಾಮ್ ಮತ್ತು ಗುಡ್‌ಮನ್ 1971ರಲ್ಲಿ ಇದನ್ನೇ ಕಲಿಸುವ ವಿಧಾನವಾಗಿಸಿದರು. ಮೊದಲು ದೊಡ್ಡವರು ಗಟ್ಟಿಯಾಗಿ ಮಾತಾಡುತ್ತಾ ಕೆಲಸ ಮಾಡಿ ತೋರಿಸುತ್ತಾರೆ. ಆಮೇಲೆ ಮಗು ಅವರು ಹೇಳಿಕೊಟ್ಟ ಹಾಗೆ ಮಾಡುತ್ತದೆ, ನಂತರ ತಾನೇ ಗಟ್ಟಿಯಾಗಿ ಹೇಳಿಕೊಂಡು, ಆಮೇಲೆ ಪಿಸುಗುಟ್ಟಿಕೊಂಡು, ಕೊನೆಗೆ ಮನಸ್ಸಿನಲ್ಲೇ ಅಂದುಕೊಂಡು ಮಾಡುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಮೊದಲ ಹೆಜ್ಜೆ. ಮೇಷ್ಟ್ರು ಬೋರ್ಡಿನ ಮೇಲೆ ಒಂದೂ ತಪ್ಪಿಲ್ಲದೆ ಲೆಕ್ಕ ಬಿಡಿಸುತ್ತಾ ಹೋದರೆ, ಸಿಕ್ಕಿಕೊಂಡಾಗ ಏನು ಮಾಡಬೇಕು ಅನ್ನುವುದು ಮಕ್ಕಳಿಗೆ ಕಾಣುವುದೇ ಇಲ್ಲ. ‘ಉತ್ತರ ಜಾಸ್ತಿ ದೊಡ್ಡದು ಬಂತಲ್ಲಾ. ಎಲ್ಲೋ ತಪ್ಪಿದೆ. ತಡಿ, ಹಿಂದಿನ ಸಾಲು ನೋಡೋಣ’ ಅಂತ ಅವರು ಆಗಾಗ ಗಟ್ಟಿಯಾಗಿ ಹೇಳಬೇಕು. ಅದು ಮಗುವಿಗೆ ಮನೆಗೆ ಒಯ್ಯಬಹುದಾದ ಮಾತು.

ಒಂದು ಮಿತಿಯಂತೂ ಇದೆ. ಭಾಗಾಕಾರವೇ ಬಾರದೆ ಒಂಬತ್ತನೇ ತರಗತಿಗೆ ಬಂದ ಹುಡುಗಿಗೆ ಮೊದಲು ಭಾಗಾಕಾರ ಕಲಿಸಬೇಕು. ಧೈರ್ಯದ ಮಾತೊಂದನ್ನೇ ಕೊಟ್ಟು ಕೂರಿಸುವುದು ಅನ್ಯಾಯ.

ಶಾಲೆ ಕಾಣದ ಅಪ್ಪ ಅಮ್ಮಂದಿರಿಗೂ ಇಲ್ಲಿ ಕೆಲಸವಿದೆ. ‘ಎಷ್ಟು ಮಾರ್ಕ್ಸ್ ಬಂತು?’ ಅನ್ನುವ ಮೊದಲು ‘ಎಲ್ಲೀವರೆಗೂ ಬಂತಪ್ಪಾ, ಎಲ್ಲಿ ನಿಂತೋಯ್ತು?’ ಅಂತ ಕೇಳಲಿ. ತೆಲುಗಿನಲ್ಲೇ ಕೇಳಲಿ. ಲೆಕ್ಕ ಗೊತ್ತಿಲ್ಲದವರೂ ಕೇಳಬಹುದಾದ ಪ್ರಶ್ನೆ ಅದು, ಉತ್ತರ ಹೇಳಲು ಮಗು ನೋಟ್‌ಬುಕ್ ತೆರೆಯಲೇಬೇಕು.