ನೆನಪು ಕಾಯಿಲೆಯಾಗಿದ್ದು, ಆಮೇಲೆ ಮದ್ದಾಗಿದ್ದು

"ಮನಸ್ಸಿಗೆ ವಯಸ್ಸಾಗದಿದ್ದರೆ ದೇಹಕ್ಕೂ ಆಗಲ್ಲ" ಅನ್ನೋ ಮಾತು ದಿನಾ ಎಲ್ಲೋ ಒಂದು ಕಡೆ ಕಣ್ಣಿಗೆ ಬೀಳುತ್ತದೆ. ಅದರ ಪಕ್ಕದಲ್ಲೇ "ಹಳೆಯದನ್ನೇ ನೆನೆಸಿಕೊಂಡು ಕೂತರೆ ಬೇಗ ಮುದುಕರಾಗ್ತೀರಿ" ಅಂತ ಇನ್ನೊಂದು. ಎರಡೂ ವಿಜ್ಞಾನದ ಹೆಸರು ಹೇಳುತ್ತವೆ. ಹಾಗಾದರೆ ಯಾವುದನ್ನು ನಂಬೋದು?

1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ 'ನಾಸ್ಟಾಲ್ಜಿಯಾ' ಎಂಬ ಪದ ಕಟ್ಟಿದ. ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಪದಗಳ ಜೋಡಣೆ ಅದು. ಊರು ಬಿಟ್ಟವರು ಕೊರಗಿ ಸೊರಗುವುದು ಅವನಿಗೆ ನಿಜವಾದ ಕಾಯಿಲೆಯೇ ಆಗಿತ್ತು. ಅಮೆರಿಕದ ಅಂತರ್ಯುದ್ಧದಲ್ಲೂ ಸೇನೆಯ ವೈದ್ಯರು ಅದನ್ನು ಕಾಯಿಲೆ ಅಂತಲೇ ಬರೆದುಕೊಂಡರು. ಕಾಲ ಕಳೆದಂತೆ ಪದ ಆಸ್ಪತ್ರೆಯಿಂದ ಹೊರಗೆ ಬಂತು, ಅನುಮಾನ ಮಾತ್ರ ಉಳಿಯಿತು. ವಯಸ್ಸಾದವರು ಹಳೇ ಕಥೆ ಶುರು ಮಾಡಿದರೆ ಅರಳುಮರುಳು ಅನ್ನುತ್ತಿದ್ದರು. ಬದುಕನ್ನು ತಿರುಗಿ ನೋಡುವುದು ಸಹಜ, ಅದರಿಂದ ಒಳ್ಳೆಯದೂ ಆಗಬಹುದು ಎಂದು ಮನೋವೈದ್ಯ ರಾಬರ್ಟ್ ಬಟ್ಲರ್ ಬರೆದದ್ದು 1963ರಲ್ಲಿ.

ನಿಜವಾದ ಗೋಜಲು ಶುರುವಾಗೋದು 1979ರಲ್ಲಿ. ಎಪ್ಪತ್ತು ದಾಟಿದ ಎಂಟು ಗಂಡಸರನ್ನು ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಒಂದು ಹಳೇ ಮಠಕ್ಕೆ ಕರೆದುಕೊಂಡು ಹೋದರು. ಒಳಗೆ ಎಲ್ಲವೂ 1959. ಕಪ್ಪು-ಬಿಳುಪು ಟಿವಿ, ಆ ಕಾಲದ ರೇಡಿಯೋ, ಆ ವರ್ಷದ ಸುದ್ದಿ. ಕನ್ನಡಿ ಇರಲಿಲ್ಲ. ಸುಮ್ನೆ ನೆನಪು ಮಾಡಿಕೊಳ್ಳುವುದಲ್ಲ, 1959 ಈಗ ನಡೆಯುತ್ತಿದೆ ಅನ್ನುವಂತೆ ಐದು ದಿನ ಮಾತಾಡಬೇಕಿತ್ತು, ಬದುಕಬೇಕಿತ್ತು. ತಮ್ಮ ಪೆಟ್ಟಿಗೆಯನ್ನು ತಾವೇ ಕೋಣೆಗೆ ಒಯ್ಯಬೇಕಿತ್ತು. ಭಾರ ಆದರೆ ಒಂದೊಂದೇ ಅಂಗಿ ತೆಗೆದುಕೊಂಡು ಹೋಗಿ ಎಂದರು. ಇನ್ನೊಂದು ಗುಂಪು ಅದೇ ಜಾಗದಲ್ಲಿ ಆ ದಿನಗಳನ್ನು ಬರೀ ನೆನೆಸಿಕೊಂಡಿತು. ಎರಡೂ ಗುಂಪಿನವರು ಸುಧಾರಿಸಿದರು. ಆದರೆ 1959ರಲ್ಲೇ 'ಬದುಕಿದವರ' ಕೀಲುಗಳು, ಕೈಬೆರಳಿನ ಚುರುಕು ಜಾಸ್ತಿ ಸುಧಾರಿಸಿದವು ಎಂದು ಲ್ಯಾಂಗರ್ ಬರೆದರು.

ಅಲ್ಲಿಂದ ಈ ಕಥೆ ಕೈಮೀರಿ ಬೆಳೆಯಿತು. ಇದ್ದದ್ದು ಎರಡು ಪುಟ್ಟ ಗುಂಪು. ಫಲಿತಾಂಶ ಬಂದದ್ದು ಒಂದು ಪುಸ್ತಕದ ಅಧ್ಯಾಯವಾಗಿ, ಪರಿಣತರು ಪರಿಶೀಲಿಸಿದ ಪತ್ರಿಕೆಯಲ್ಲಿ ಅಲ್ಲ. ಇಷ್ಟರ ಮೇಲೆ 'ವಯಸ್ಸು ಹಿಂದಕ್ಕೆ ಹೋಗುತ್ತದೆ' ಅನ್ನುವುದು ಅತಿಯಾಯಿತು, ಅಲ್ವಾ? ಹಾಗಂತ ಎಲ್ಲವನ್ನೂ ತಳ್ಳಿಹಾಕಲೂ ಆಗುವುದಿಲ್ಲ. 2002ರಲ್ಲಿ ಅಮೆರಿಕದ ಸಂಶೋಧಕಿ ಬೆಕಾ ಲೆವಿ ಮತ್ತು ಸಂಗಡಿಗರು ಐವತ್ತು ದಾಟಿದ 660 ಜನರ ಮಾಹಿತಿ ನೋಡಿದರು. ತಮಗೆ ವಯಸ್ಸಾಗುವುದನ್ನು ಒಳ್ಳೆಯ ಕಣ್ಣಿನಿಂದ ಕಂಡವರು ಉಳಿದವರಿಗಿಂತ ಸುಮಾರು 7.5 ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯ, ಹಣಕಾಸು, ಒಂಟಿತನ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಆದರೂ ಯಾವುದರಿಂದ ಯಾವುದು ಅನ್ನುವುದು ಪೂರ್ತಿ ಬಿಡಿಸಿ ಹೇಳುವಂತಿಲ್ಲ. ಮೈ ಗಟ್ಟಿ ಇದ್ದವರಿಗೆ ಮುಪ್ಪಿನ ಬಗ್ಗೆ ಒಳ್ಳೆಯ ಮಾತಾಡುವುದು ಸುಲಭವೂ ಹೌದು.

ನನಗೆ ಬೇಸರ ಆಗೋದು ಇನ್ನೊಂದು ವಿಷಯಕ್ಕೆ. ಈ ಅಧ್ಯಯನಗಳೆಲ್ಲ ಬರಬರುತ್ತಾ ಒಂದು ಉಪದೇಶವಾಗಿಬಿಟ್ಟಿವೆ. ಮಂಡಿ ನೋವು ಅನ್ನುವವರಿಗೂ, ಕಾಯಿಲೆ ಬಿದ್ದವರಿಗೂ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆದರೆ ಲ್ಯಾಂಗರ್ ಪ್ರಯೋಗದಲ್ಲಿ ಬದಲಾಗಿದ್ದು ವಯಸ್ಸಾದವರನ್ನು ಸುತ್ತಲಿನವರು ನಡೆಸಿಕೊಂಡ ರೀತಿ. ಇದೇ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ವೃದ್ಧಾಶ್ರಮದ ಅಧ್ಯಯನ ನೋಡಿ. ಒಂದು ಮಹಡಿಯವರಿಗೆ ಗಿಡ ಕೊಟ್ಟು, ನೀರು ದಾದಿಯರು ಹಾಕುತ್ತಾರೆ ಎಂದರು. ಇನ್ನೊಂದು ಮಹಡಿಯವರು ಗಿಡ ತಾವೇ ಆರಿಸಿ ತಾವೇ ನೋಡಿಕೊಂಡರು, ಸಿನಿಮಾ ಯಾವ ದಿನ ಅಂತಲೂ ಅವರೇ ಹೇಳಿದರು. ಹದಿನೆಂಟು ತಿಂಗಳಲ್ಲಿ ಮೊದಲ ಗುಂಪಿನ 44 ಜನರಲ್ಲಿ 13 ಮಂದಿ ತೀರಿಕೊಂಡಿದ್ದರು, ಎರಡನೆಯದರ 47 ಜನರಲ್ಲಿ 7 ಮಂದಿ. ಅಂಕಿ ಚಿಕ್ಕದು, ಅದರ ಲೆಕ್ಕದ ಬಗ್ಗೆ ತಕರಾರೂ ಇದೆ. ಆದರೆ ಆ ಎರಡನೇ ಗುಂಪಿನವರಿಗೆ ಖುಷಿಯಾಗಿ ಯೋಚಿಸಿ ಅಂತ ಯಾರೂ ಪಾಠ ಮಾಡಿರಲಿಲ್ಲ. ಈ ಗಿಡ ನಿಮ್ಮದು, ನೀವೇ ನೋಡಿಕೊಳ್ಳಿ ಅಂದಿದ್ದರು.