ಹನಿ ನೀರಿನ ಅಡಿಯಲ್ಲಿ ಕಬ್ಬಿಣ

ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರು ಬಿಟ್ಟು ಕೆಲವು ಗಂಟೆ ಕಾಯಿರಿ. ಕಂದು ಬಣ್ಣದ ತುಕ್ಕು ಉಂಗುರದ ಆಕಾರದಲ್ಲಿ ಮೂಡುತ್ತದೆ. ಅದನ್ನು ಒರೆಸಿ ನೋಡಿದರೆ ಇನ್ನೊಂದು ಅಚ್ಚರಿ: ಲೋಹ ಸವೆದಿರುವುದು ಹನಿಯ ನಡುಭಾಗದಲ್ಲಿ. ತುಕ್ಕು ಕೂತ ಜಾಗವೇ ಬೇರೆ, ಕಬ್ಬಿಣ ಕರಗಿದ ಜಾಗವೇ ಬೇರೆ!

ಆಮ್ಲಜನಕ ಸೇರಿದರೆ ಉತ್ಕರ್ಷಣ, ಬಿಟ್ಟುಹೋದರೆ ಅಪಕರ್ಷಣ ಎಂದು ಶಾಲೆಯಲ್ಲಿ ಮೊದಲು ಕಲಿಯುತ್ತೇವೆ. ಅದು ತಪ್ಪಲ್ಲ. ಆದರೆ ಈ ಉಂಗುರದ ಗುಟ್ಟು ಅಷ್ಟರಿಂದ ಬಿಡಿಸಿಕೊಳ್ಳುವುದಿಲ್ಲ. ಎಲೆಕ್ಟ್ರಾನುಗಳ ಲೆಕ್ಕ ಬೇಕು. ಎಲೆಕ್ಟ್ರಾನ್ ಕಳೆದುಕೊಳ್ಳುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಮಕ್ಕಳಿಗೆ ಈ ಅರ್ಥವನ್ನು ಆದಷ್ಟು ಬೇಗ ಹೇಳಿಕೊಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹನಿಯ ನಡುವೆ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ, ಅಂದರೆ ವಿದ್ಯುದಾವೇಶವುಳ್ಳ ಕಣವಾಗಿ, ನೀರಿಗಿಳಿಯುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಹನಿಯ ಅಂಚಿಗೆ ಬರುತ್ತವೆ. ಅಂಚಿನಲ್ಲಿ ನೀರಿನ ಪದರ ತೆಳು, ಗಾಳಿಯ ಆಮ್ಲಜನಕ ಧಾರಾಳ. ಅಲ್ಲಿ ಆಮ್ಲಜನಕದ ಒಂದೊಂದು ಅಣುವೂ ನಾಲ್ಕು ಎಲೆಕ್ಟ್ರಾನುಗಳನ್ನು ಹೀರಿ, ನೀರಿನೊಡನೆ ಕೂಡಿ ಹೈಡ್ರಾಕ್ಸೈಡ್ ಅಯಾನುಗಳಾಗುತ್ತದೆ. ನಡುವಿನಿಂದ ಹೊರಟ ಕಬ್ಬಿಣದ ಅಯಾನುಗಳೂ ಅಂಚಿನಿಂದ ಹೊರಟ ಇವೂ ದಾರಿಯಲ್ಲಿ ಸಂಧಿಸಿದಲ್ಲೇ ತುಕ್ಕಿನ ಉಂಗುರ. ಆ ಪುಟ್ಟ ಹನಿ ಒಂದು ವಿದ್ಯುತ್ ಕೋಶವೇ ಸರಿ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಕಡಲ ನೀರಿನಲ್ಲಿ ಕಬ್ಬಿಣ ಬೇಗ ಹಾಳಾಗುತ್ತದೆ.

ಬಣ್ಣ, ಎಣ್ಣೆ, ಗ್ರೀಸ್ ನೀರು ಗಾಳಿಗಳನ್ನು ದೂರವಿಡುತ್ತವೆ. ಪದರ ಕಿತ್ತುಹೋದರೆ ರಕ್ಷಣೆಯೂ ಹೋಯಿತು. ಸತುವಿನ ಲೇಪನದ ಗುಣ ಬೇರೆ. ಗೀರು ಬಿದ್ದು ಕಬ್ಬಿಣ ಬಯಲಾದರೂ ಕರಗುವುದು ಸುತ್ತಲಿನ ಸತುವೇ, ಏಕೆಂದರೆ ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಅದು ಕಬ್ಬಿಣಕ್ಕಿಂತ ಮುಂದು. ಎಲೆಕ್ಟ್ರಾನ್ ಪಡೆಯುವ ಒಲವನ್ನು ವೋಲ್ಟಿನಲ್ಲಿ ಅಳೆಯುವುದೇ ಪ್ರಮಾಣಿತ ಅಪಕರ್ಷಣ ವಿಭವ; ಅದು ಸೊನ್ನೆಗಿಂತ ಎಷ್ಟು ಕೆಳಗಿದೆಯೋ ಎಲೆಕ್ಟ್ರಾನ್ ಬಿಟ್ಟುಕೊಡುವ ಒಲವು ಅಷ್ಟು ಹೆಚ್ಚು. ಅದು ಸತುವಿಗೆ −0.76 ವೋಲ್ಟ್, ಕಬ್ಬಿಣಕ್ಕೆ −0.44, ತವರಕ್ಕೆ −0.14. ಈ ಸಾಲಿನಲ್ಲಿ ತವರ ಕಬ್ಬಿಣದ ಹಿಂದೆ ನಿಂತಿದೆ. ಹಾಗಾಗಿ ತವರ ಬಳಿದ ತಗಡಿಗೆ ಗೀರು ಬಿದ್ದು ಅಲ್ಲಿ ನೀರು ನಿಂತರೆ ಲೆಕ್ಕ ತಿರುಗುಮುರುಗಾಗಿ, ಬಯಲಾದ ಕಬ್ಬಿಣ ಲೇಪನವೇ ಇಲ್ಲದ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ.

ಒಂದು ಲೋಹವನ್ನು ಬಲಿಕೊಟ್ಟು ಇನ್ನೊಂದನ್ನು ಉಳಿಸುವ ಈ ಉಪಾಯವನ್ನು 1824ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗೆ ತೋರಿಸಿಕೊಟ್ಟರು. ಮರದ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಕಡಲ ನೀರಿನಲ್ಲಿ ಸವೆಯುತ್ತಿತ್ತು. ಅದಕ್ಕೆ ಕಬ್ಬಿಣದ ತುಂಡುಗಳನ್ನು ತಾಗಿಸಿ ಜೋಡಿಸಿದಾಗ ಕಬ್ಬಿಣ ಕರಗಿತು, ತಾಮ್ರ ಉಳಿಯಿತು. ಆದರೆ ಕಡಲ ಜೀವಿಗಳು ತಳಕ್ಕೆ ಅಂಟದಂತೆ ತಡೆಯುತ್ತಿದ್ದುದು ಕರಗುವ ತಾಮ್ರದ ವಿಷವೇ ಆಗಿತ್ತು. ಕರಗುವುದು ನಿಂತಿತು, ಚಿಪ್ಪಿನ ಜೀವಿಗಳೂ ಕಡಲ ಕಳೆಯೂ ತಳಕ್ಕೆ ಮೆತ್ತಿಕೊಂಡು ಹಡಗಿನ ವೇಗ ಕುಗ್ಗಿತು. ನೌಕಾಪಡೆ ಆ ತುಂಡುಗಳನ್ನು ಕಳಚಿಸಿತು. ಇಂದಿನ ಉಕ್ಕಿನ ಹಡಗುಗಳ ತಳದಲ್ಲಿ ಸತುವಿನ ಗಟ್ಟಿಗಳನ್ನು ಬಿಗಿದಿರುತ್ತಾರೆ. ಅವು ಸವೆದಾಗ ಹೊಸದನ್ನು ಕೂರಿಸುತ್ತಾರೆ.