ಕಣ್ಣಿನ ಪೊರೆಗೆ ಫ್ಲೇವನಾಯ್ಡ್ ಅಡ್ಡ ಬರೋದು ಹೇಗೆ: ಬಯೋಕೆಮಿಸ್ಟ್ರಿ ಓದೋರಿಗೆ ನೋಟ್ಸ್

ಫ್ಲೇವನಾಯ್ಡ್ ಅಂದ್ರೆ ಗಿಡಗಳಲ್ಲಿ ಸಿಗೋ, ಪಾಲಿಫೀನಾಲ್ ಅನ್ನೋ ಗುಂಪಿಗೆ ಸೇರಿದ ರಾಸಾಯನಿಕ. ಅದು ಪೊರೆಗೆ ಹೇಗೆ ಅಡ್ಡ ಬರತ್ತೆ ಅನ್ನೋ ಪ್ರಶ್ನೆಗೆ ತುಂಬಾ ಜನ "ಆಂಟಿಆಕ್ಸಿಡೆಂಟ್" ಅಂತ ಬರೆದು ಮುಗಿಸ್ಬಿಡ್ತಾರೆ, ಅದು ಸಾಲಲ್ಲ, ಗಟ್ಟಿ ವಿಷಯ ಇರೋದು ಆಲ್ಡೋಸ್ ರಿಡಕ್ಟೇಸ್ ಅನ್ನೋ ಎಂಜೈಮ್ ಹತ್ರ.

ಮೊದಲು ಲೆನ್ಸ್ ನೋಡಿ. ರಕ್ತನಾಳ ಇಲ್ಲ, ಒಳಗಿನ ಫೈಬರ್ ಸೆಲ್‌ಗಳಿಗೆ ನ್ಯೂಕ್ಲಿಯಸ್ಸೂ ಇಲ್ಲ, ಹಂಗಾಗಿ ನಡುಭಾಗದಲ್ಲಿ ನಾವು ಹುಟ್ಟೋಕೆ ಮುಂಚೆ ತಯಾರಾದ ಕ್ರಿಸ್ಟಲಿನ್ ಪ್ರೋಟೀನೇ ಕೊನೇತನಕ ಬಾಳಬೇಕು. ವಯಸ್ಸು, ಬಿಸಿಲು, ಬೀಡಿ, ಶುಗರ್ ಎಲ್ಲ ಸೇರಿ ಅದು ಹಾಳಾಗಿ ಗಂಟು ಕಟ್ಕೊಂಡ್ರೆ ಬೆಂದ ಮೊಟ್ಟೆಯ ಬಿಳಿ ಥರ ಮಬ್ಬಾಗತ್ತೆ, ಅದೇ ಪೊರೆ.

ಈಗ ಶುಗರ್ ಜಾಸ್ತಿ ಇದ್ರೆ ಏನಾಗತ್ತೆ ಅಂದ್ರೆ, ಆಲ್ಡೋಸ್ ರಿಡಕ್ಟೇಸ್ ಗ್ಲುಕೋಸನ್ನ ಸಾರ್ಬಿಟಾಲ್ ಅನ್ನೋ ಶುಗರ್ ಆಲ್ಕೋಹಾಲ್ ಮಾಡತ್ತೆ, ಸಾರ್ಬಿಟಾಲ್ ಸುಲಭಕ್ಕೆ ಸೆಲ್ಲಿಂದ ಆಚೆ ಹೋಗಲ್ಲ, ನೀರು ಎಳ್ಕೊಂಡು ಸೆಲ್ ಊದ್ಕೊಳತ್ತೆ. ಇಷ್ಟೇ ಅಲ್ಲ, ಈ ಕೆಲಸಕ್ಕೆ ಎನ್‌ಎಡಿಪಿಎಚ್ (ಸೆಲ್ಲಲ್ಲಿ ಎಲೆಕ್ಟ್ರಾನ್ ಒದಗಿಸೋ ಅಣು) ಖರ್ಚಾಗತ್ತೆ, ಲೆನ್ಸನ್ನ ಕಾಯೋ ಗ್ಲುಟಥಯೋನ್ ಮತ್ತೆ ರೆಡಿ ಆಗೋಕೂ ಅದೇ ಬೇಕು. ಎರಡು ಕಡೆಯಿಂದ ಹೊಡೆತ.

1975ರಲ್ಲಿ ವರ್ಮಾ, ಮಿಕುನಿ, ಕಿನೋಶಿಟಾ ಅನ್ನೋ ವಿಜ್ಞಾನಿಗಳು ಫ್ಲೇವನಾಯ್ಡ್‌ಗಳು ಈ ಎಂಜೈಮನ್ನ ತಡೆಯುತ್ತವೆ ಅಂತ ತೋರಿಸಿದ್ರು, 1977ರಲ್ಲಿ ಡೇಗು ಅನ್ನೋ ಇಲಿ ಥರದ ಪ್ರಾಣಿಗೆ ಸಕ್ಕರೆ ಕಾಯಿಲೆ ಇದ್ದಾಗ ಕ್ವೆರ್ಸಿಟ್ರಿನ್ ಅನ್ನೋ ಫ್ಲೇವನಾಯ್ಡ್ ಕೊಡ್ತಾ ಹೋದ್ರೆ ಪೊರೆ ಬರೋದು ತಡ ಆಯ್ತು. ನನಗೆ ಇದೇ ಈ ಪಾಠದ ಜೀವ ಅನ್ಸತ್ತೆ.

ಡೋಸ್ ಬಗ್ಗೆ ಒಂದ್ಮಾತು. ಅರಿಶಿನದ ಕರ್ಕ್ಯುಮಿನ್ ಫ್ಲೇವನಾಯ್ಡ್ ಅಲ್ಲ, ಬೇರೆ ಬಗೆಯ ಪಾಲಿಫೀನಾಲ್, ಆದ್ರೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ ಕೆಲಸ ನೋಡ್ಲೇಬೇಕು: ಪೊರೆ ಬರಿಸೋಕೆ ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ತಿನ್ನಿಸಿದ ಇಲಿಗಳಿಗೆ ಆಹಾರದಲ್ಲಿ 0.002% ಕರ್ಕ್ಯುಮಿನ್ ಕೊಟ್ಟಾಗ ಪೊರೆ ನಿಧಾನ ಆಯ್ತು, 0.01% ಕೊಟ್ಟಾಗ ಪೊರೆ ಬಲಿಯೋದು ಬೇಗ ಆಯ್ತು!

ಊಟದ ವಿಷಯಕ್ಕೆ ಬಂದ್ರೆ ನಮ್ಮ ಚಿಕ್ಕಬಳ್ಳಾಪುರ ಕಡೆ ಬೆಳೆಯೋ ಗುಲಾಬಿ ಈರುಳ್ಳಿಲಿ ಕ್ವೆರ್ಸೆಟಿನ್ ಅನ್ನೋ ಫ್ಲೇವನಾಯ್ಡ್ ಇದೆ, ಹೊರಗಿನ ಪದರಗಳಲ್ಲೇ ಜಾಸ್ತಿ, ಹಂಗಾಗಿ ದಪ್ಪಕ್ಕೆ ಸುಲಿದು ಬಿಸಾಕ್ಬೇಡಿ. ನುಗ್ಗೆಸೊಪ್ಪಲ್ಲೂ ಇದೆ, ಬೇಯಿಸಿದಾಗ ಒಂದಷ್ಟು ನೀರಿಗೆ ಇಳಿಯತ್ತೆ, ಬಸ್ಸಾರಲ್ಲಿ ಆ ಬಸಿದ ನೀರೇ ಸಾರಾಗೋದ್ರಿಂದ ನಷ್ಟ ಇಲ್ಲ.

ಆದ್ರೆ ಇದನ್ನ ತಿಂದ್ರೆ ಮನುಷ್ಯರಲ್ಲಿ ಪೊರೆ ನಿಲ್ಲತ್ತೆ ಅಂತ ಬರೀಬೇಡಿ, ಪ್ರಾಣಿಗಳಲ್ಲಿ ಕಂಡಿದ್ದು ಮನುಷ್ಯರಲ್ಲಿ ಸಾಬೀತಾಗಿಲ್ಲ, ತಿಂದ ಫ್ಲೇವನಾಯ್ಡ್ ಕರುಳು ಲಿವರ್ ದಾಟೋಷ್ಟರಲ್ಲಿ ಬಹಳಷ್ಟು ರೂಪ ಬದಲಾಯಿಸಿರತ್ತೆ, ಲೆನ್ಸಿಗೆ ತಲುಪೋದು ತೀರಾ ಕಮ್ಮಿ. ಪೊರೆ ಬಂದ್ಮೇಲೆ ಆಪರೇಷನ್ನೇ ದಾರಿ. ಮನೇಲಿ ಅಜ್ಜಿ ತಾತ ನಂದಿಬಟ್ಟಲು ಹೂವಿನ ರಸ, ಈರುಳ್ಳಿ ರಸ ಕಣ್ಣಿಗೆ ಬಿಟ್ಕೋತೀನಿ ಅಂದ್ರೆ ದಯವಿಟ್ಟು ಬೇಡ ಅನ್ನಿ, ಕಾರ್ನಿಯಾಗೆ ಇನ್ಫೆಕ್ಷನ್ ಆದ್ರೆ ಆಮೇಲೆ ಕಷ್ಟ.

ಡಯಾಗ್ರಾಂ ಹಾಕುವಾಗ ಗ್ಲುಕೋಸಿಂದ ಸಾರ್ಬಿಟಾಲ್ ಕಡೆಗೆ ಹೋಗೋ ಬಾಣದ ಮೇಲೆ ಫ್ಲೇವನಾಯ್ಡಿನ ತಡೆ ಗುರುತು ಹಾಕಿ, ಎನ್‌ಎಡಿಪಿಎಚ್ ಬಾಣ ಅಲ್ಲಿಂದಲೇ ಗ್ಲುಟಥಯೋನ್ ಕಡೆಗೂ ಎಳೀರಿ, ಎರಡೂ ಒಂದೇ ಚಿತ್ರದಲ್ಲಿ ಬರ್ಬೇಕು.